ಒಂದು ನಿಂತರೆ ಇನ್ನೊಂದು ಇದೆಯಲ್ಲ!

ಅಮೃತಾಪುರದ ವೀಕ್ಷಕರೊಬ್ಬರು ಕೇಳಿದ್ದಾರೆ: 'ಎರಡು ಎಂಜಿನ್ ಇದ್ಮೇಲೆ ಒಂದು ಕೆಟ್ಟರೆ ಭಯ ಯಾಕೆ ಸಾರ್?'

ಜೋಡೆತ್ತಿನ ಗಾಡಿ ನೆನಪಿಸಿಕೊಳ್ಳಿ. ಎಡಗಡೆಯ ಎತ್ತು ನಿಂತು, ಬಲಗಡೆಯದು ಎಳೀತಾನೇ ಇದ್ದರೆ ಗಾಡಿ ಎಡಕ್ಕೆ ತಿರುಗುತ್ತೆ. ರೆಕ್ಕೆಗೊಂದು ಪಿಸ್ಟನ್ ಎಂಜಿನ್ ಇರುವ ಚಿಕ್ಕ ವಿಮಾನವೂ ಹಾಗೇ. ಒಂದು ನಿಂತರೆ ಹೋಗೋದು ಅರ್ಧ ಶಕ್ತಿ. ಆದರೆ ಮೇಲೇರುವ ಸಾಮರ್ಥ್ಯ ಸುಮಾರು ಶೇ. 80ರಷ್ಟು ಹೋಗಿಬಿಡುತ್ತೆ! ಯಾಕಂದ್ರೆ ಮಟ್ಟವಾಗಿ ಹಾರೋದಕ್ಕೇ ಸಾಕಷ್ಟು ಶಕ್ತಿ ಬೇಕು, ಏರಲು ಸಿಗೋದು ಮಿಕ್ಕಿದ್ದು ಮಾತ್ರ.

ವಿಮಾನ ಎಡಕ್ಕೆ ತಿರುಗದಂತೆ ಪೈಲಟ್ ಬಲಗಾಲಲ್ಲಿ ರಡ್ಡರ್ ಪೆಡಲ್ ಒತ್ತಬೇಕು. ಯಾವ ಕಾಲಿಗೆ ಕೆಲಸ ಇಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಅಂತ ಲೆಕ್ಕ. ವೇಗ ಒಂದು ಮಿತಿಗಿಂತ ಇಳಿದರೆ ರಡ್ಡರ್ ಸಾಲಲ್ಲ, ವಿಮಾನ ಮಗುಚುತ್ತೆ.

ಅದಕ್ಕೇ ತರಬೇತಿಯಲ್ಲಿ ಬೋಧಕರು ಹೇಳದೆ ಕೇಳದೆ ಒಂದು ಥ್ರಾಟಲ್ ಹಿಂದಕ್ಕೆಳೀತಾರೆ. ನೆಲದ ಹತ್ತಿರ ನಿಜವಾಗಿ ನಿಲ್ಲಿಸಬಾರದು. ಪ್ರೊಪೆಲ್ಲರ್ ಮುಂದಕ್ಕೂ ಎಳೆಯದೆ, ಗಾಳಿಯನ್ನೂ ತಡೆಯದೆ ಸುಮ್ಮನೆ ತಿರುಗುವಷ್ಟು ಪವರ್ ಇಡಬೇಕು. ಪೂರ್ತಿ ನಿಲ್ಲಿಸಿ ಮತ್ತೆ ಚಾಲೂ ಮಾಡೋ ಪಾಠ ಮೇಲೆ, ತಪ್ಪಿದರೂ ತಿದ್ದಿಕೊಳ್ಳುವಷ್ಟು ಎತ್ತರದಲ್ಲಿ.

ಆ ಎತ್ತರದ ಬೆಲೆ ಏನು ಅಂತ ಬಿಡದಿಯ ಬಳಿ ಕಂಡಿದ್ದೇವೆ. 2009ರ ಮಾರ್ಚ್ 6ರಂದು ಬೆಂಗಳೂರಿನ ಎನ್‌ಎಎಲ್‌ನ ಸಾರಸ್ ವಿಮಾನದಲ್ಲಿ ಒಂದು ಎಂಜಿನ್ ಬೇಕೆಂದೇ ನಿಲ್ಲಿಸಿ ಮರಳಿ ಚಾಲೂ ಮಾಡುವ ಪರೀಕ್ಷೆ ನಡೀತಿತ್ತು. ಅದು ಪಿಸ್ಟನ್ ಅಲ್ಲ, ಟರ್ಬೊಪ್ರಾಪ್. ಹಾರಿಸುತ್ತಿದ್ದವರೂ ವಿದ್ಯಾರ್ಥಿಗಳಲ್ಲ, ವಾಯುಪಡೆಯ ನುರಿತ ಅಧಿಕಾರಿಗಳು. ಮೂವರೂ ತೀರಿಕೊಂಡರು. ತನಿಖಾ ವರದಿ ಬೆರಳು ತೋರಿಸಿದ್ದು ಎರಡರ ಕಡೆಗೆ: ಮರುಚಾಲನೆಯ ತಪ್ಪು ವಿಧಾನ, ಸಾಲದ ಎತ್ತರ.