ಎರಡು ಗಣಕಗಳ ನಡುವೆ ಒಂದು ಬೆಳಕಿನ ಯಂತ್ರ

ನಾವು ನಿತ್ಯವೂ ಬಳಸುವ ಗಣಕಯಂತ್ರವು ಸೊನ್ನೆ, ಒಂದು ಎಂಬ ಎರಡೇ ಚಿಹ್ನೆಗಳಿಂದ ಲೆಕ್ಕಮಾಡುತ್ತದೆ. ಸೂಕ್ಷ್ಮಕಣಗಳ ನಿಯಮಗಳನ್ನೇ ದುಡಿಸಿಕೊಂಡು ಎಲ್ಲ ಬಗೆಯ ಲೆಕ್ಕಗಳನ್ನೂ ಮಾಡಬಲ್ಲ ಪೂರ್ಣ ಕ್ವಾಂಟಂ ಗಣಕವು ಇನ್ನೂ ನಿರ್ಮಾಣದ ಹಾದಿಯಲ್ಲಿದೆ. ಇವೆರಡರ ನಡುವೆ ನಿಲ್ಲುವ ಯಂತ್ರಗಳೂ ಉಂಟು. 2011ರಲ್ಲಿ ಸ್ಕಾಟ್ ಆರನ್ಸನ್ ಮತ್ತು ಅಲೆಕ್ಸ್ ಅರ್ಖಿಪೊವ್ ಎಂಬ ವಿದ್ವಾಂಸರು ಸೂಚಿಸಿದ ‘ಬೋಸಾನ್ ಸ್ಯಾಂಪ್ಲಿಂಗ್’ ಅಂಥದೊಂದು. ಅದು ಸಾಮಾನ್ಯ ಗಣಕದಂತೆ ಹಲವು ಕೆಲಸಗಳಿಗೆ ಒದಗದು. ಆದರೆ ತನ್ನ ಒಂದೇ ಕೆಲಸದಲ್ಲಿ ಮಹಾಗಣಕಗಳನ್ನೂ ಮೀರಿಸಬಹುದೆಂದು ವಿದ್ವಾಂಸರ ನಂಬುಗೆ.

ಬೋಸಾನ್ ಎಂಬ ಹೆಸರಿನ ಮೂಲ ನಮ್ಮ ದೇಶದ ವಿಜ್ಞಾನಿಯೊಬ್ಬರದು. ಬೆಳಕಿನ ಕಣಗಳನ್ನು ಒಂದರಿಂದೊಂದು ಗುರುತಿಸಲಾಗದವೆಂದು ಎಣಿಸುವ ಕ್ರಮವನ್ನು 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು ತೋರಿಸಿಕೊಟ್ಟರು. ಅಂಥ ಕಣಗಳೇ ಬೋಸಾನುಗಳು.

ಈ ಯಂತ್ರದಲ್ಲಿ ಒಂದೇ ಬಗೆಯ ಹಲವು ಬೆಳಕಿನ ಕಣಗಳನ್ನು ಗಾಜು, ಕನ್ನಡಿಗಳ ಜಾಲದೊಳಕ್ಕೆ ಬಿಡುತ್ತಾರೆ. ಅವು ಯಾವ ಯಾವ ದ್ವಾರದಿಂದ ಹೊರಬಿದ್ದವೆಂದು ಬರೆದುಕೊಳ್ಳುತ್ತಾರೆ. ಅಷ್ಟೇ ಕೆಲಸ! ಆದರೆ ಪ್ರತಿಯೊಂದು ಫಲಿತಾಂಶದ ಸಂಭವವನ್ನು ನಿರ್ಣಯಿಸುವುದು ಒಂದು ಚೌಕಪಟ್ಟಿಯ ‘ಪರ್ಮನೆಂಟ್’ ಎಂಬ ಬೆಲೆ.

ಅದೇನೆಂಬುದನ್ನು ನೋಡೋಣ. ಮೇಲಿನ ಸಾಲಿನಲ್ಲಿ 1, 2. ಕೆಳಗೆ 3, 4 ಎಂದು ಬರೆಯಿರಿ. ಮೂಲೆಯಿಂದ ಮೂಲೆಗೆ ಗುಣಿಸಿದರೆ 4 ಮತ್ತು 6 ಬರುವುವು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ −2, ಇದು ನಿರ್ಧಾರಕ. ಕೂಡಿದರೆ 10, ಇದೇ ಪರ್ಮನೆಂಟ್. ಕೂಡುವುದು ಸುಲಭವೆಂದು ತೋರೀತು. ಪಟ್ಟಿ ಬೆಳೆದಾಗ ಸಂಗತಿ ತಿರುವುಮುರುವಾಗುತ್ತದೆ. ಹತ್ತು ಸಾಲಿನ ಪಟ್ಟಿಯಲ್ಲಿ 36,28,800 ಗುಣಲಬ್ಧಗಳಿವೆ. ನಿರ್ಧಾರಕಕ್ಕೆ ಒಳದಾರಿಯುಂಟು. ಪರ್ಮನೆಂಟಿಗೆ ತಿಳಿದಿರುವ ಉತ್ತಮ ಕ್ರಮದಲ್ಲಿಯೂ ಒಂದು ಸಾಲು ಹೆಚ್ಚಿದರೆ ಶ್ರಮ ಸುಮಾರು ಇಮ್ಮಡಿಯಾಗುತ್ತದೆ. ಈ ಕಾಠಿಣ್ಯದ ಆಳವನ್ನು 1979ರಲ್ಲಿ ಲೆಸ್ಲಿ ವ್ಯಾಲಿಯಂಟ್ ತೋರಿಸಿದರು.

ನಿಸರ್ಗವು ಈ ನಿಯಮಕ್ಕೆ ನಡೆಯುತ್ತದೆಯೆಂಬುದಕ್ಕೆ 1987ರ ಹಾಂಗ್, ಔ, ಮ್ಯಾಂಡೆಲರ ಪ್ರಯೋಗವೇ ಸಾಕ್ಷಿ. ಬೆಳಕಿನ ಅರ್ಧವನ್ನು ಹಿಂದಿರುಗಿಸಿ ಅರ್ಧವನ್ನು ಹಾಯಗೊಡುವ ಗಾಜಿಗೆ ಎರಡು ಬದಿಯಿಂದ ಎರಡು ಸಮಾನ ಕಣಗಳು ಒಮ್ಮೆಲೇ ಬಂದವೆನ್ನಿ. ಅದರ ಪಟ್ಟಿ, ಸಾಮಾನ್ಯ ಭಾಜಕವನ್ನು ಬಿಟ್ಟರೆ, 1, 1, 1, −1. ಪರ್ಮನೆಂಟು ಸೊನ್ನೆ! ಆದುದರಿಂದ ಅವು ಬೇರೆ ಬೇರೆಯಾಗಿ ಹೊರಡವು, ಜೊತೆಯಾಗಿಯೇ ಹೊರಡುವುವು.

ಆದರೂ ಯಂತ್ರವು ಪರ್ಮನೆಂಟಿನ ಬೆಲೆಯನ್ನು ಹೇಳುವುದಿಲ್ಲ. ಅದಕ್ಕೆ ತಕ್ಕಂತೆ ದಾಳ ಹಾಕುತ್ತದೆ, ಅಷ್ಟೆ. 2020ರಲ್ಲಿ ಚೀನದ ಹೆಫೈ ನಗರದ ವಿಜ್ಞಾನಿಗಳು ಇದರ ಒಂದು ಮಾರ್ಪಾಟನ್ನು ನಡೆಸಿ 76 ಕಣಗಳವರೆಗೆ ಎಣಿಸಿ, ಮಹಾಗಣಕವನ್ನು ಮೀರಿಸಿದೆವೆಂದು ಸಾರಿದರು. ಆದರೆ ದಾರಿಯಲ್ಲಿ ಬಹಳಷ್ಟು ಬೆಳಕು ನಷ್ಟವಾಗುತ್ತದೆ. ಆ ನಷ್ಟವನ್ನೇ ಹಿಡಿದು ಇಂಥ ಪ್ರಯೋಗಗಳನ್ನು ಸಾಮಾನ್ಯ ಗಣಕಗಳಿಂದಲೇ ಅನುಕರಿಸುವ ಕ್ರಮವು 2024ರಲ್ಲಿ ಪ್ರಕಟವಾಯಿತು. ಪಂದ್ಯವಿನ್ನೂ ಮುಗಿದಿಲ್ಲ.

ಆದುದರಿಂದ ‘ಕ್ವಾಂಟಂ ಯಂತ್ರ ಗೆದ್ದಿತು’ ಎಂಬ ಸುದ್ದಿಯನ್ನು ಓದಿದಾಗ, ‘ಯಾವ ಕೆಲಸದಲ್ಲಿ?’ ಎಂದು ಮೊದಲು ಕೇಳುವುದು ವಿವೇಕ. ವಿದ್ಯಾರ್ಥಿಗಳು ಮೂರು ಸಾಲಿನ ಪಟ್ಟಿಯೊಂದನ್ನು ಬರೆದು, ಅದರ ಆರು ಗುಣಲಬ್ಧಗಳನ್ನು ಕೂಡಿ ನೋಡಲಿ. ನಾಲ್ಕು ಸಾಲಿಗೆ ಹೋದರೆ ಇಪ್ಪತ್ತನಾಲ್ಕು. ಕಾಠಿಣ್ಯವೇನೆಂಬುದು ಆಗ ಕೈಗೇ ತಿಳಿದೀತು.