ಭೂಮಿಗೆ ಎಣ್ಣೆ ಅರಸಿನ, ಮಗಳಿಗೆ ಕಾಗೆಯ ಕಥೆ

ಪೊನ್ನಿ ತಿಂಗಳು ಮುಗಿಯುವ ಹೊತ್ತಿಗೆ, ಅಂದರೆ ಫೆಬ್ರವರಿಯ ಎರಡನೇ ವಾರದ ಆಸುಪಾಸಿನಲ್ಲಿ, ತುಳುನಾಡಿಗೆ ಕೆಡ್ಡಸ ಬರುತ್ತದೆ. ಸುರು ಕೆಡ್ಡಸ, ನಡು ಕೆಡ್ಡಸ, ಕಡೆ ಕೆಡ್ಡಸ ಎಂದು ಮೂರು ದಿನ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂಬ ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯಬಾರದು, ಉಳಬಾರದು, ಹಸಿ ಮರಕ್ಕೆ ಕತ್ತಿ ತಾಗಿಸಬಾರದು. ಅಕ್ಕಿ, ಹುರುಳಿ, ಹೆಸರು ಹುರಿದು, ಬೆಲ್ಲ ತೆಂಗಿನಕಾಯಿ ಸೇರಿಸಿ ನನ್ನೆರಿ ಮಾಡುತ್ತಾರೆ. ಮೂರು ದಿನ ಕಳೆದ ಮೇಲೆ ತುಳಸಿಕಟ್ಟೆಯ ಬಳಿ ಸೆಗಣಿ ಸಾರಿಸಿ, ಸೀಗೆಕಾಯಿ, ಅರಸಿನ, ಕುಂಕುಮ, ಬಾಚಣಿಗೆ, ಕನ್ನಡಿ ಇಟ್ಟು, ಮನೆಯ ಹೆಂಗಸು ನೆಲಕ್ಕೆ ಎಣ್ಣೆ ಬಿಡುತ್ತಾಳೆ. ಮಿಂದು ಎದ್ದ ಭೂಮಿ ಇನ್ನು ಬೆಳೆಗೆ ಸಿದ್ಧ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಮೀಂಜ ಪಂಚಾಯತಿನಂಥ ಕಡೆ, ತುಳು, ಕನ್ನಡ, ಮಲಯಾಳ, ಬ್ಯಾರಿ ನುಡಿಗಳು ಒಂದೇ ಬಸ್ಸಿನಲ್ಲಿ ಕೇಳಿಬರುವಲ್ಲಿ, ಎಲ್ಲ ಮನೆಗಳೂ ಕೆಡ್ಡಸ ಆಚರಿಸುವುದಿಲ್ಲ. ಆಚರಿಸುತ್ತಿದ್ದ ಕೆಲವು ಮನೆಗಳೂ ಬಿಟ್ಟಿವೆ. ಆದರೆ ಆ ದಿನ ಹಾರೆ ಹಿಡಿಯಬಾರದು ಎಂಬುದು ಹಿರಿಯರಿಗೆ ಇವತ್ತಿಗೂ ನೆನಪಿದೆ. ಅಸ್ಸಾಮಿನ ಕಾಮಾಖ್ಯದಲ್ಲಿ ಅಂಬುಬಾಚಿ, ಒಡಿಶಾದಲ್ಲಿ ರಜ ಪರ್ವ, ಕೇರಳದ್ದೇ ಚೆಂಗನ್ನೂರಿನಲ್ಲಿ ಭಗವತಿಯ ತೃಪ್ಪೂತ್ತು: ದೇವಿಯ ಮುಟ್ಟನ್ನು ಊರಿಗೆ ಊರೇ ಹಬ್ಬ ಮಾಡಿದ ನಾಡು ನಮ್ಮದು.

ಇಷ್ಟೆಲ್ಲ ಇದ್ದೂ, ಅದೇ ಅಂಗಳದಲ್ಲಿ ಆಡುವ ಎಂಟು ಒಂಬತ್ತು ವರ್ಷದ ಹುಡುಗಿಗೆ ಇದರ ಬಗ್ಗೆ ಸಿಗುವ ಮೊದಲ ಪಾಠ ಒಂದು ಸುಳ್ಳು. ಅಮ್ಮ ಯಾಕೆ ಇವತ್ತು ದೇವರ ಕೋಣೆಗೆ ಹೋಗಲಿಲ್ಲ ಎಂದು ಕೇಳಿದರೆ, “ಅಮ್ಮನಿಗೆ ಕಾಗೆ ಮುಟ್ಟಿದೆ” ಎನ್ನುತ್ತಾರೆ. ಹುಡುಗಿ ತಲೆ ಎತ್ತಿ ಕಾಗೆ ಹುಡುಕುತ್ತಾಳೆ. ಎರಡು ಮೂರು ವರ್ಷ ಕಳೆದು ಒಂದು ದಿನ ಶಾಲೆಯ ಶೌಚಾಲಯದಲ್ಲಿ ಚಡ್ಡಿಯ ಮೇಲೆ ಕಂದು ಕಲೆ ಕಾಣುತ್ತದೆ. ಮೊದಲ ಸಲ ಅದು ಕೆಂಪಗೆ ಇರಲೇಬೇಕೆಂದಿಲ್ಲ. ಹೀಗಾಗಿ ರಕ್ತವೆಂದು ಅವಳಿಗೆ ಗೊತ್ತಾಗುವುದೂ ಇಲ್ಲ. ಏನೋ ರೋಗ ಎಂದುಕೊಳ್ಳುತ್ತಾಳೆ, ಇಲ್ಲವೇ ತಾನೇನೋ ತಪ್ಪು ಮಾಡಿದೆ ಎಂದುಕೊಳ್ಳುತ್ತಾಳೆ. ಈ ಎರಡನೆಯ ಯೋಚನೆಯೇ ನನ್ನನ್ನು ಹೆಚ್ಚು ಕಾಡುವುದು.

ಅಮ್ಮಂದಿರನ್ನು ದೂರಿ ಫಲವಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ. ಹೊರಗೆ ಕೂರಿಸಿದ್ದು, ಬೇರೆ ಚಾಪೆ ಬೇರೆ ತಟ್ಟೆ ಕೊಟ್ಟದ್ದು, ನಾಲ್ಕನೇ ದಿನ ತಲೆಗೆ ನೀರು ಹಾಕಿದ್ದು ನೆನಪಿದೆ. ಏನಾಗುತ್ತಿದೆ ಎಂದು ಯಾರಾದರೂ ಹೇಳಿದ್ದು ನೆನಪಿಲ್ಲ. ಇನ್ನು ಬಟ್ಟೆಯ ಪಾಡು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಆಟಿ ತಿಂಗಳ ಮಳೆಯಲ್ಲಿ ಸೀರೆಯೇ ಒಣಗದಿದ್ದಾಗ, ಯಾರ ಕಣ್ಣಿಗೂ ಬೀಳಬಾರದ ಬಟ್ಟೆ ಎಲ್ಲಿ ಒಣಗಬೇಕು? ಬಚ್ಚಲು ಒಲೆಯ ಹಿಂದೆ, ಮತ್ತೊಂದು ಬಟ್ಟೆಯ ಅಡಿಯಲ್ಲಿ. ಮರುದಿನ ಅದೇ ಒದ್ದೆ ಬಟ್ಟೆ, ತೊಡೆಯ ಸಂದಿಯಲ್ಲಿ ಉರಿ, ತುರಿಕೆ. ಬಟ್ಟೆ ಬಳಸುವುದರಲ್ಲಿ ತಪ್ಪಿಲ್ಲ. ಸಾಬೂನು ಹಾಕಿ ತೊಳೆದು ಬಿಸಿಲಿಗೆ ಹಾಕಿದರೆ ಅದು ಶುದ್ಧವೇ. ಬಿಸಿಲಿಗೆ ಹಾಕಲು ಬಿಡದ ನಾಚಿಕೆಯೇ ಕಾಯಿಲೆ ತರುತ್ತಿದ್ದುದು.

ಹಿಂದಿನವರೆಲ್ಲ ಬಾಯಿಬಿಡದವರೇ ಎಂದರೆ, ಹಾಗೂ ಅಲ್ಲ. ಹನ್ನೆರಡನೇ ಶತಮಾನದ ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಕೊಚ್ಚಿ ಸಂಸ್ಥಾನದ ತೃಪ್ಪೂಣಿತ್ತುರದ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ 1912ರಷ್ಟು ಹಿಂದೆಯೇ, ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಮುಟ್ಟಾದ ವಿದ್ಯಾರ್ಥಿನಿಯರಿಗೆ ರಜೆ ಕೊಟ್ಟು, ಆಮೇಲೆ ಪರೀಕ್ಷೆ ಬರೆಯಲು ಬಿಡುವ ಏರ್ಪಾಡು ಆಗಿತ್ತು. ಅದಾಗಿ ನೂರಾ ಹನ್ನೊಂದು ವರ್ಷಕ್ಕೆ, 2023ರ ಜನವರಿಯಲ್ಲಿ, ಕೇರಳ ಸರ್ಕಾರ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ ಮುಟ್ಟಿನ ರಜೆಯ ಸಲುವಾಗಿ ಹಾಜರಾತಿಯನ್ನು 75ರಿಂದ 73 ಶೇಕಡಕ್ಕೆ ಇಳಿಸಿತು. ಶಾಲೆಗಳಿಗೆ ಪ್ಯಾಡ್ ಒದಗಿಸುವ ‘ಶೀ ಪ್ಯಾಡ್’ ಯೋಜನೆ 2017ರಲ್ಲೇ ಶುರುವಾಗಿದೆ. ಪ್ಯಾಡಿನ ಮೇಲಿದ್ದ 12 ಶೇಕಡ ಜಿಎಸ್‌ಟಿ 2018ರ ಜುಲೈಯಲ್ಲಿ ಹೋಯಿತು.

ಇವೆಲ್ಲ ಬೇಕು. ಆದರೆ ಪ್ಯಾಡಿನ ಕಟ್ಟು ಮಾತಾಡುವುದಿಲ್ಲ. ಮೊದಲ ದಿನದ ಹೆದರಿಕೆ ತೆಗೆಯುವ ಕೆಲಸ ಅಮ್ಮನದ್ದೇ, ಅದೂ ಆ ದಿನ ಬರುವ ಮೊದಲೇ ಆಗಬೇಕಾದ್ದು. ಹತ್ತರಿಂದ ಹದಿನೈದರ ನಡುವೆ ಯಾವಾಗ ಬೇಕಾದರೂ ಮೈನೆರೆಯಬಹುದು. ಒಂಬತ್ತಕ್ಕೆ ಹೇಳಿದರೆ ಬೇಗವಲ್ಲ. ದೊಡ್ಡ ಭಾಷಣ ಏನೂ ಬೇಡ. ತಲೆ ಬಾಚುತ್ತಾ, “ನೋಡು ಮಗಾ, ಇನ್ನು ಸ್ವಲ್ಪ ಸಮಯದಲ್ಲಿ ನಿನಗೂ ತಿಂಗಳಿಗೊಮ್ಮೆ ರಕ್ತ ಹೋಗ್ತದೆ. ನನಗೂ ಹೋಗ್ತದೆ, ಅಜ್ಜಿಗೂ ಹೋಗ್ತಿತ್ತು. ಹೆದರ್ಲಿಕ್ಕೆ ಏನಿಲ್ಲ. ಶಾಲೆಯಲ್ಲಾದ್ರೆ ಟೀಚರಿಗೆ ಹೇಳು” ಎಂದರೆ ಸಾಕು. ಬ್ಯಾಗಿನ ಒಳಜೇಬಿನಲ್ಲಿ ಒಂದು ಪ್ಯಾಡು, ಒಂದು ಚಡ್ಡಿ ಇಟ್ಟು, ಪ್ಯಾಡನ್ನು ಹೇಗೆ ಅಂಟಿಸುವುದೆಂದು ಒಮ್ಮೆ ತೋರಿಸಿಕೊಟ್ಟರೆ ಅರ್ಧ ಭಯ ಅಲ್ಲೇ ಹೋಯಿತು.

ಮುಂದಿನದು ಅಮ್ಮನಿಗೆ ಗೊತ್ತಿರಬೇಕಾದ್ದು. ಒಂದು ಮುಟ್ಟಿಗೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಎರಡು ಮೂರು ದೊಡ್ಡ ಚಮಚ. ನೋಡುವ ಹುಡುಗಿಗೆ ಮಾತ್ರ ಮೈಯ ರಕ್ತವೆಲ್ಲ ಹೋದಂತೆ ಕಾಣುತ್ತದೆ. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುವುದು ಸಹಜ; 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಪ್ಯಾಡು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಹೊಟ್ಟೆನೋವಿಗೆ ಬಿಸಿನೀರಿನ ಚೀಲ ಒಳ್ಳೆಯದು. ಅಜ್ಜಿ ಕೊಡುವ ಎಳ್ಳುಂಡೆ, ಮೆಂತೆ ಗಂಜಿ ಬೇಡವೆನ್ನಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನೂ ತಪ್ಪಿಸಬೇಡಿ. ಗಂಟೆಗೊಂದು ಪ್ಯಾಡು ತೋಯುತ್ತಿದ್ದರೆ, ಏಳು ದಿನ ಮೀರಿದರೆ, ನೋವಿಗೆ ಶಾಲೆ ತಪ್ಪುತ್ತಿದ್ದರೆ, ಎಂಟಕ್ಕಿಂತ ಮೊದಲೇ ಬಂದರೆ, ಹದಿನೈದಾದರೂ ಬಾರದಿದ್ದರೆ ಡಾಕ್ಟರರಿಗೆ ತೋರಿಸಲೇಬೇಕು.

ಒಳಗೋ ಹೊರಗೋ, ದೀಪ ಹಚ್ಚುವುದೋ ಬೇಡವೋ ಎಂಬುದನ್ನು ಮನೆಮನೆಯವರು ತೀರ್ಮಾನಿಸಿಕೊಳ್ಳಲಿ. ನನ್ನ ಅಭಿಪ್ರಾಯ ಸ್ಪಷ್ಟ: ಬೇರೆ ತಟ್ಟೆ ಇಡಬಾರದು, ಒಬ್ಬಳನ್ನೇ ಮಲಗಿಸಬಾರದು. ನೆಲಕ್ಕೆ ಮೂರು ದಿನ ನೋವು ಮಾಡಬಾರದು ಎಂದು ಹಾರೆ ಒಳಗಿಟ್ಟ ಜನ, ಹನ್ನೊಂದು ವರ್ಷದ ಮಗುವನ್ನು ಜಗಲಿಯ ಮೂಲೆಗೆ ಕೂರಿಸುವುದು ಸರಿಯಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಮಾತೃ ಪಿಟಿಎ ಸಭೆ ಕರೆಯುತ್ತಾರೆ. ಮೀಂಜದ, ಮಂಜೇಶ್ವರದ, ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಿಕೆಯರಲ್ಲಿ, ತಾಯಂದಿರಲ್ಲಿ ಒಂದು ವಿನಂತಿ: ಈ ಸಲದ ಮೊದಲ ಸಭೆಯಲ್ಲೇ ಅರ್ಧ ಗಂಟೆ ಇದಕ್ಕೆ ಇಡಿ. ನಾಲ್ಕು, ಐದನೇ ತರಗತಿಯ ಹುಡುಗಿಯರ ಅಮ್ಮಂದಿರನ್ನು ತಪ್ಪದೆ ಕರೆಯಿರಿ. ಮನೆಯಲ್ಲಿ ಆಡುವ ಮಾತಿನಲ್ಲೇ, ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ, ಎಲ್ಲರೂ ಕೇಳುವಂತೆ ಮಾತಾಡಿ.