ಇಂಗ್ಲಿಷ್ ಪದಕ್ಕೆ ಪ್ರಾಸವನ್ನು ಹುಡುಕುವ ಬಗೆ

ಕೊಡಗಿನ ತರುಣನೊಬ್ಬನು ಕಾವೇರಿಯನ್ನು ಕುರಿತು ಇಂಗ್ಲಿಷಿನಲ್ಲಿ ನಾಲ್ಕು ಪಂಕ್ತಿಗಳನ್ನು ಬರೆಯಲು ಕುಳಿತನೆಂದು ಭಾವಿಸೋಣ. ತಲಕಾವೇರಿಯ ಕುಂಡಿಕೆ, ಬ್ರಹ್ಮಗಿರಿಯ ಮಂಜು, ಭಾಗಮಂಡಲದ ಸಂಗಮ, ಇವೆಲ್ಲವೂ ಅವನ ಮನಸ್ಸಿನಲ್ಲಿವೆ. ಮೊದಲನೆಯ ಪಂಕ್ತಿಯು 'ರಿವರ್' ಎಂಬ ಮಾತಿನಲ್ಲಿ ಬಂದು ನಿಂತಿತು. ಇನ್ನು ಇದಕ್ಕೆ ಪ್ರಾಸ ಬೇಕು. ಇಂಗ್ಲಿಷನ್ನು ಪುಸ್ತಕದಿಂದಲೇ ಕಲಿತವನಾದರೆ ಅವನಿಗೆ ಮೊದಲು ಹೊಳೆಯುವ ಪದ 'ಡ್ರೈವರ್'. ಬರೆವಣಿಗೆಯಲ್ಲಿ ರಿವರ್ ಎಂಬುದರ ಮುಂದೆ 'ಡಿ' ಎಂಬ ಒಂದೇ ಅಕ್ಷರವನ್ನು ಇಟ್ಟರೆ ಡ್ರೈವರ್ ಆಗುತ್ತದೆ; ಉಳಿದ ಐದು ಅಕ್ಷರಗಳೂ ಹಾಗೆಯೇ ಇರುವುವು. ಆದರೂ ಇವೆರಡಕ್ಕೆ ಪ್ರಾಸವಿಲ್ಲ. ಕಣ್ಣಿಗೆ ಒಂದಾಗಿ ಕಂಡದ್ದು ಕಿವಿಗೆ ಬೇರೆಯಾಗಿಬಿಟ್ಟಿತು.

ಪದ್ಯ ಬರೆಯುವ ಹವ್ಯಾಸವಿಲ್ಲದವರಿಗೆ ಈ ಚರ್ಚೆಯಿಂದೇನು ಪ್ರಯೋಜನವೆಂದು ಶ್ರೋತೃಗಳು ಕೇಳಬಹುದು. ಪ್ರಯೋಜನವುಂಟು. ಇಂಗ್ಲಿಷ್ ಕವಿತೆಯನ್ನು ನಾವು ಓದುವಾಗ ಅದರ ಅರ್ಧ ಸೊಗಸು ನಮ್ಮ ಕಿವಿಯಿಂದ ಜಾರಿಹೋಗುತ್ತಿದ್ದರೆ ಅದಕ್ಕೆ ಕಾರಣ ನಮ್ಮ ಬುದ್ಧಿಯ ಕೊರತೆಯಲ್ಲ. ಪ್ರಾಸವನ್ನು ನಾವು ಒಂದು ಕಡೆ ಹುಡುಕುತ್ತಿದ್ದೇವೆ, ಅವರು ಇನ್ನೊಂದು ಕಡೆ ಇಟ್ಟಿದ್ದಾರೆ.

ಇಂಗ್ಲಿಷಿನಲ್ಲಿ ಪೂರ್ಣಪ್ರಾಸದ ನಿಯಮವು ಸರಳವಾದುದು. ಪದದಲ್ಲಿ ಯಾವ ಸ್ವರದ ಮೇಲೆ ಆಘಾತ ಬೀಳುವುದೋ ಆ ಸ್ವರದಿಂದ ಮೊದಲುಗೊಂಡು ಕೊನೆಯವರೆಗಿನ ಧ್ವನಿಗಳೆಲ್ಲವೂ ಒಂದೇ ಆಗಿರಬೇಕು. ಆ ಸ್ವರದ ಹಿಂದಣ ವ್ಯಂಜನ ಮಾತ್ರ ಬೇರೆಯಾಗಿರಬೇಕು. ಈ ಆಘಾತವೆಂಬುದೇ ನಮಗೆ ತೊಡಕು. ಕನ್ನಡದಲ್ಲಿ ನಾವು ಅಕ್ಷರಗಳನ್ನು ಹೆಚ್ಚುಕಡಮೆ ಸಮನಾದ ಬಲದಿಂದಲೇ ಉಚ್ಚರಿಸುತ್ತೇವೆ. ಆದುದರಿಂದ 'ಫಾರೆಸ್ಟ್' ಎಂಬುದಕ್ಕೆ 'ರೆಸ್ಟ್' ಎಂಬುದು ನಮಗೆ ಒಳ್ಳೆಯ ಪ್ರಾಸವಾಗಿ ಕೇಳಿಸುತ್ತದೆ. ಇಂಗ್ಲಿಷರ ಬಾಯಲ್ಲಿ ಫಾರೆಸ್ಟಿನ ಬಲವೆಲ್ಲ ಮೊದಲ ಭಾಗದ ಮೇಲೆ ಬಿದ್ದು, ಕೊನೆಯದು ಸಣ್ಣಗೆ ಅಡಗಿಹೋಗುವುದರಿಂದ, ಅವರಿಗೆ ಅದು ಪ್ರಾಸವೇ ಅಲ್ಲ.

ಇನ್ನು ಹುಡುಕುವ ಕ್ರಮ. ರಿವರ್ ಎಂಬುದರ ತಲೆಯಲ್ಲಿರುವ ರಕಾರವನ್ನು ತೆಗೆದುಹಾಕಿ, ಆ ಜಾಗದಲ್ಲಿ ಬೇರೆ ವ್ಯಂಜನಗಳನ್ನು ಒಂದೊಂದಾಗಿ ಕೂರಿಸಿ ನೋಡುವುದು. ಇದಕ್ಕೆ ಇಂಗ್ಲಿಷ್ ಅಕ್ಷರಮಾಲೆಗಿಂತ ನಮ್ಮ ವರ್ಣಮಾಲೆಯೇ ಹೆಚ್ಚು ಅನುಕೂಲವೆಂಬುದನ್ನು ನಾವು ತರಗತಿಗಳಲ್ಲಿ ಕಂಡಿದ್ದೇವೆ. ಏಕೆಂದರೆ ಇದು ಧ್ವನಿ ಹುಟ್ಟುವ ಸ್ಥಾನದ ಕ್ರಮದಲ್ಲಿ ಜೋಡಿಸಿದುದು. ಕವರ್ಗದಿಂದ ಹೊರಟರೆ 'ಗಿವರ್' ಸಿಕ್ಕುತ್ತದೆ. ಮುಂದೆ ನಡೆದರೆ 'ಲಿವರ್', 'ಶಿವರ್'. ಒಂಟಿ ವ್ಯಂಜನಗಳು ಮುಗಿದ ಬಳಿಕ ಸಂಯುಕ್ತಗಳನ್ನು ನೋಡಬೇಕು: 'ಕ್ವಿವರ್', 'ಸ್ಲಿವರ್'. ಆಮೇಲೆ ಮುಂದೊಂದು ಭಾಗವನ್ನು ಸೇರಿಸಿಕೊಂಡ ಪದಗಳು: 'ಡೆಲಿವರ್'. ಇಷ್ಟರಲ್ಲಿ ಬುಟ್ಟಿಯು ಬಹುಮಟ್ಟಿಗೆ ಬರಿದಾಯಿತು. ಲಿವರ್ ಎಂದರೆ ಯಕೃತ್ತು. ಕಾವೇರಿಯ ಸ್ತೋತ್ರದಲ್ಲಿ ಅದು ಬಂದರೆ ನಗೆಪಾಟಲು. ಶಿವರ್ ಎಂದರೆ ಚಳಿಗೆ ನಡುಗುವುದು. ತುಲಾ ಸಂಕ್ರಮಣದ ತೀರ್ಥೋದ್ಭವದಲ್ಲಿ ಮಿಂದವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಕ್ವಿವರ್ ಎಂಬುದಕ್ಕೆ ಕಂಪಿಸುವುದೆಂಬ ಅರ್ಥವೂ ಬತ್ತಳಿಕೆಯೆಂಬ ಅರ್ಥವೂ ಉಂಟು. ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ಪೂಜಿಸುವ ನಾಡಿನ ಕವಿಗೆ ಇದು ಒದಗಬಹುದು. ಆದರೆ ಗಿವರ್, ಎಂದರೆ ಕೊಡುವವಳು, ಎಂಬ ಪದ ಕೈಗೆ ಬಂದಾಗ ಪದ್ಯಕ್ಕೆ ಒಂದು ಹೊಸ ಭಾವವೇ ಬಂದಂತಾಯಿತು. ಪ್ರಾಸವನ್ನು ಅರಸುತ್ತ ಹೋದವನು ಅರ್ಥವನ್ನು ಹೊತ್ತು ತಂದನು. ಇಂಥ ಅದೃಷ್ಟ ಅಪರೂಪ.

ಈ ಕೆಲಸಕ್ಕೆ ಕೋಶಗಳೂ ಉಂಟು. 1775ರಲ್ಲಿ ಜಾನ್ ವಾಕರ್ ಎಂಬವನು ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಎಣಿಸಿ ಜೋಡಿಸಿದ ನಿಘಂಟನ್ನು ಪ್ರಕಟಿಸಿದನು. ಬರೆವಣಿಗೆಯನ್ನೇ ಅನುಸರಿಸಿದ ಇಂಥ ಜೋಡಣೆಯಲ್ಲಿ ರಿವರ್, ಡ್ರೈವರ್ ಎರಡೂ ನೆರೆಹೊರೆಯವಾಗಿಬಿಡುತ್ತವೆ. ಈಗ ಗಣಕಯಂತ್ರಗಳು ಉಚ್ಚಾರಣೆಯನ್ನೇ ಆಧರಿಸಿ ಕ್ಷಣದಲ್ಲಿ ಪಟ್ಟಿಯನ್ನು ಒಪ್ಪಿಸುತ್ತವೆ. ಆ ಉಚ್ಚಾರಣೆ ಅಮೆರಿಕದವರದೋ ಇಂಗ್ಲೆಂಡಿನವರದೋ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪೂರ್ಣಪ್ರಾಸ ಒದಗದಿದ್ದಲ್ಲಿ ಸಮೀಪದ ಪ್ರಾಸಕ್ಕೆ ಹೋಗಬೇಕಾಗುತ್ತದೆ. ಸ್ವರವನ್ನು ಬದಲಾಯಿಸಿ ವ್ಯಂಜನಗಳನ್ನು ಉಳಿಸಿಕೊಂಡರೆ ರಿವರ್ ಪದಕ್ಕೆ 'ನೆವರ್', 'ಫೀವರ್' ಹತ್ತಿರ ಬರುತ್ತವೆ. ನಡುವೆ ಒಂದು ವ್ಯಂಜನ ಹೆಚ್ಚಿದರೂ ಚಿಂತೆಯಿಲ್ಲವೆಂದರೆ 'ಸಿಲ್ವರ್' ಬರುತ್ತದೆ. ಬೆಳ್ಳಿಯ ಹೊಳೆ, ಅರ್ಥವೂ ಚೆನ್ನು. ಸ್ವರಗಳನ್ನು ಉಳಿಸಿ ವ್ಯಂಜನವನ್ನು ಬಿಟ್ಟುಕೊಟ್ಟರೆ 'ಗ್ಲಿಮರ್' ಸಾಲುತ್ತದೆ. ಇವು ಕೈಲಾಗದವನ ಉಪಾಯಗಳೆಂದು ತಿಳಿಯುವುದು ತಪ್ಪು. 1918ರಲ್ಲಿ ಯುದ್ಧದಲ್ಲಿ ಮಡಿದ ವಿಲ್ಫ್ರೆಡ್ ಓವೆನ್ ಕವಿಯು 'ಹಿಲ್', 'ಹಾಲ್', 'ಹೆಲ್' ಎಂಬಂತೆ ವ್ಯಂಜನಗಳನ್ನು ಹಿಡಿದು ಸ್ವರವನ್ನು ಮಾತ್ರ ತಿರುಗಿಸುವ ಪ್ರಾಸವನ್ನು ಬೇಕೆಂದೇ ಬಳಸಿದನು. ಕೂಡಬೇಕಾದ ಧ್ವನಿಗಳು ಕೂಡದೆ ಉಳಿದಾಗ ಕಿವಿಗೆ ಆಗುವ ಕಸಿವಿಸಿಯೇ ಅವನಿಗೆ ಬೇಕಾಗಿದ್ದಿತು.

ನಮ್ಮ ಲಾಕ್ಷಣಿಕರಿಗೂ ಇದು ಹೊಸದಲ್ಲ. ಒಂದೇ ವರ್ಗದ ವ್ಯಂಜನಗಳು ಒಂದಕ್ಕೊಂದು ಒದಗಿದರೆ ವರ್ಗಪ್ರಾಸ, ಸಕಾರ ಶಕಾರಗಳಂಥ ನೆರೆಯ ಧ್ವನಿಗಳು ಒದಗಿದರೆ ಸಮೀಪಪ್ರಾಸ ಎಂದು ಅವರು ಹೆಸರಿಟ್ಟರು. ವ್ಯತ್ಯಾಸವಿರುವುದು ಸ್ಥಾನದಲ್ಲಿ. ಹಳಗನ್ನಡದ ಪ್ರಾಸವು ಪಾದದ ಕೊನೆಯಲ್ಲಿಲ್ಲ, ಪಾದದ ಎರಡನೆಯ ಅಕ್ಷರದಲ್ಲಿದೆ; ಆ ವ್ಯಂಜನವು ಎಲ್ಲ ಪಾದಗಳಲ್ಲಿಯೂ ಒಂದೇ ಆಗಿರಬೇಕು. ಅದರ ಹಿಂದಿನ ಅಕ್ಷರವು ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಹೀಗೆ ವೃಷಭ, ಅಜ, ಶರಭ, ಹಯಗಳು ಸೇರಿ ಆರು. ಹತ್ತನೆಯ ಶತಮಾನದ ನಾಗವರ್ಮನು 'ಛಂದೋಂಬುಧಿ'ಯಲ್ಲಿ ಇವನ್ನು ಹೇಳಿದ್ದಾನೆ. ಆ ಗ್ರಂಥವನ್ನು 1875ರಲ್ಲಿ ಅಚ್ಚು ಹಾಕಿಸಿದ ಫರ್ಡಿನೆಂಡ್ ಕಿಟ್ಟೆಲ್ ಪಂಡಿತರು ಮಡಿಕೇರಿಯಲ್ಲಿಯೂ ಕೆಲವು ಕಾಲ ಇದ್ದವರೆಂಬುದನ್ನು ಕೊಡಗಿನವರು ನೆನೆಯಬಹುದು.

ಈಗ ನಮ್ಮ ತರುಣನು ಅದೇ ಹೊಳೆಯನ್ನು ಕನ್ನಡದಲ್ಲಿ ಹಾಡಲಿ. 'ಕಾವೇರಿ' ಎಂಬಲ್ಲಿ ವಕಾರಕ್ಕೆ ಗಜಪ್ರಾಸ: ಜೀವ, ದೇವ, ಭಾವ, ಪಾವನ, ತಾವರೆ, ಸೇವೆ, ಬೇಕಾದಷ್ಟು. ಕೊನೆಯ ಪ್ರಾಸ ಬೇಕೆಂದರೆ ಏರಿ, ಸೇರಿ, ಭೇರಿ. ಮಡಿಕೇರಿಯೇ ಕಾದು ನಿಂತಿದೆ. ಕನ್ನಡದಲ್ಲಿ ಪ್ರತ್ಯಯಗಳು ಕೊನೆಗೆ ಹತ್ತುವುದರಿಂದ 'ಬಂದನು', 'ಹೋದನು' ಎಂದು ಅಂತ್ಯಪ್ರಾಸವು ಬೆಲೆಯಿಲ್ಲದೆ ದೊರೆಯುತ್ತದೆ. ಪ್ರತ್ಯಯಗಳು ಸವೆದುಹೋದ ಇಂಗ್ಲಿಷಿನಲ್ಲಿ ಅದು ಬೆವರು ಸುರಿಸಿ ಗಳಿಸಬೇಕಾದ ವಸ್ತು. ನಮಗೆ ಬೆವರಿಳಿಸಿದ್ದು ಆದಿಪ್ರಾಸ. ಅದಕ್ಕಾಗಿ ಬೇಡದ ವಿಶೇಷಣವನ್ನು ಎಳೆದು ತಂದ ಪದ್ಯಗಳು ನಮ್ಮಲ್ಲಿ ಕಡಮೆಯಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟುಕೊಟ್ಟಾಗ ಸಂಪ್ರದಾಯಸ್ಥರಿಗೆ ಅದು ಸೇರಲಿಲ್ಲ. ನಮಗೆ ನೋಡಿದರೆ ಪೈಗಳದೇ ಸರಿ.

ಬೆಟ್ಟದ ತೋಟಗಳ 'ಕಾಫಿ'ಯನ್ನೂ ಇಲ್ಲಿಯೇ ಒಂದು ಮಾತು ಹೇಳಿಬಿಡೋಣ. ಇಂಗ್ಲಿಷಿನಲ್ಲಿ ಅದಕ್ಕೆ 'ಟಾಫಿ' ಪೂರ್ಣಪ್ರಾಸ. ಕನ್ನಡದಲ್ಲಿ 'ಸಾಫಲ್ಯ' ಎಂದು ಗಜಪ್ರಾಸ ಕಟ್ಟಿದರೆ ಬರೆವಣಿಗೆಯಲ್ಲಿ ನಿರ್ದೋಷ. ಆದರೆ ಸಂಸ್ಕೃತದ ಮಹಾಪ್ರಾಣವೂ ಕಾಫಿಯ ಫಕಾರವೂ ಒಂದೇ ಧ್ವನಿಯಲ್ಲ. ಅರಬ್ಬಿಯಿಂದ ಬಂದ ಕಂದಾಯದ 'ಮಾಫಿ'ಯೇ ಕಿವಿಗೂ ಕೂಡುವ ಪ್ರಾಸ. ಹಳ್ಳಿಯವರು 'ಕಾಪಿ' ಎಂದು, 'ಟೋಪಿ'ಯೊಡನೆ ಕೂಡಿಸಿ, ಈ ತಗಾದೆಯನ್ನೇ ಮುಗಿಸಿಬಿಟ್ಟಿದ್ದಾರೆ.

ಕಣ್ಣು ಕಿವಿಗಳ ಈ ವ್ಯಾಜ್ಯದಿಂದ ನಿಜವಾದ ನಷ್ಟ ಒದಗುವುದು ಕೊಡವ ಭಾಷೆಯ ಹಾಡುಗಳಿಗೆ. ನಾಲ್ವರು ದುಡಿ ಹಿಡಿದು, ಇಬ್ಬಿಬ್ಬರಾಗಿ ಸರದಿಯ ಮೇಲೆ ಹಾಡುವ ಆ ಪದಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಕೂಡಿಸಿ, 'ಪಟ್ಟೋಲೆ ಪಳಮೆ' ಎಂಬ ಹೆಸರಿನಿಂದ 1924ರಲ್ಲಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಅದು ಮಹೋಪಕಾರ. ಆದರೆ ಕನ್ನಡದಲ್ಲಿಲ್ಲದ, ತುಟಿಯನ್ನು ದುಂಡಾಗಿಸದೆ ನಾಲಗೆಯನ್ನು ಹಿಂದಕ್ಕೆಳೆದು ನುಡಿಯುವ ಕೆಲವು ಸ್ವರಗಳು ಕೊಡವ ಭಾಷೆಯಲ್ಲಿವೆ; ಎಮೆನೋ ಪಂಡಿತರು 1970ರಲ್ಲಿ ಅವನ್ನು ಶಾಸ್ತ್ರೀಯವಾಗಿ ವಿವರಿಸಿದರು. ಆ ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಬೇರೆ ಚಿಹ್ನೆಗಳಿಲ್ಲವಾಗಿ, ಬೇರೆ ಬೇರೆ ಸ್ವರಗಳು ಒಂದೇ ಗುರುತಿನ ಕೆಳಗೆ ಕೂಡಿಕೊಳ್ಳುವುವು. ಹಾಡನ್ನು ಪುಟದಲ್ಲಿ ಮಾತ್ರ ಕಂಡ ಕನ್ನಡಿಗನು ಇಲ್ಲದ ಪ್ರಾಸವನ್ನು ಉಂಟೆಂದಾನು, ರಿವರ್ ಡ್ರೈವರ್‌ಗಳನ್ನು ಕೂಡಿಸಿದ ತರುಣನಂತೆಯೇ. ಆ ಹಾಡುಗಳನ್ನು ಬಾಯಲ್ಲಿ ಉಳಿಸಿಕೊಂಡಿರುವ ಹಿರಿಯರು ಇರುವಾಗಲೇ ಪ್ರತಿಯೊಂದು ಪದವನ್ನೂ ದುಡಿಯ ಸಮೇತ ಧ್ವನಿಮುದ್ರಿಸಿ, ಅಚ್ಚಾದ ಪಾಠದ ಜೊತೆಯಲ್ಲಿ ಇಡುವುದು ಕೊಡಗಿನ ಕಾಲೇಜುಗಳಿಗೆ ಅಸಾಧ್ಯವಾದ ಕೆಲಸವೇನೂ ಅಲ್ಲ.